ಸಲಹೆ ಕೊಡುವವರನ್ನು ಹೀಗೆ ಆರಿಸಿ

ನಮಸ್ಕಾರ ಮೇಡಂ. ಜಯನಗರದಲ್ಲಿ ಸಂಸಾರದ ತಾಪತ್ರಯಗಳಿಗೆ ತಜ್ಞರಿಂದ ಸಲಹೆ ಕೊಡಿಸುವ ಬಳಗ ಶುರು ಮಾಡಬೇಕು, ತಜ್ಞರನ್ನು ಹೇಗೆ ಆರಿಸೋದು ಅಂತ ಕೇಳಿದ್ದೀರಿ. ಖಂಡಿತ ಮಾಡಿ, ತುಂಬಾ ಬೇಕಾದ ಕೆಲಸ.

ಕೌನ್ಸೆಲರ್ ಅನ್ನುವ ಬೋರ್ಡ್ ನೋಡಿ ಸುಮ್ನೆ ನಂಬಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮನಸ್ಸಿನ ತೊಂದರೆಗೆ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞರು ಆದರೆ, ಅವರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್‌ಸಿಐ) ನೋಂದಣಿ ಸಂಖ್ಯೆ ಕೇಳಿ. ಸಂಕೋಚ ಬೇಡ. ಜೊತೆಗೆ ಕೌಟುಂಬಿಕ ನ್ಯಾಯಾಲಯದ ಕೆಲಸ ಗೊತ್ತಿರುವ ವಕೀಲರೊಬ್ಬರು ಇರಲಿ. ಜೀವನಾಂಶದ ಪ್ರಶ್ನೆಗೆ ಹಿರಿಯರ ಅನುಭವದ ಮಾತು ಸಾಲದು.

ನನಗೆ ಜಾಸ್ತಿ ಚಿಂತೆ ಇರುವುದು ಗುಟ್ಟಿನ ಬಗ್ಗೆ. "ಗಂಡ ಬ್ಯಾಂಕಲ್ಲಿ, ಅತ್ತೆ ಮನೆ ಹನುಮಂತನಗರ, ಮಗಳು ಎಂಟನೇ ಕ್ಲಾಸು" ಅಂದರೆ ಸಾಕು, ಹೆಸರು ಹೇಳದಿದ್ದರೂ ನೆಂಟರು ಗುರುತು ಹಿಡಿಯುತ್ತಾರೆ ಅಲ್ವಾ? ಎಲ್ಲರೆದುರು ಪ್ರಶ್ನೆ ಓದುವ ಮೊದಲು ಏರಿಯಾ, ಕೆಲಸ, ವಯಸ್ಸು ಎಲ್ಲ ತೆಗೆದುಬಿಡಿ.

ಹೊಡೆತದ ವಿಷಯ ಬಂದಾಗ "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಅನ್ನಲು ಯಾರನ್ನೂ ಬಿಡಬೇಡಿ, ಎಷ್ಟೇ ದೊಡ್ಡವರಾಗಲಿ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿಸಿ. ಸಾಯುವ ಮಾತು ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡಿಸಿ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ತುರ್ತು ಅನ್ನಿಸಿದರೆ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಗೆ ನೀವೇ ಜೊತೆಯಲ್ಲಿ ಕರೆದುಕೊಂಡು ಹೋಗಿ.