ಓಟದ ಮುಂಚೆ ಬಾಳೆಹಣ್ಣು, ಪಿಜಿ ಊಟದಲ್ಲಿ ಪ್ರೋಟೀನ್: ಓದುಗರ ಪ್ರಶ್ನೆಗಳಿಗೆ ಉತ್ತರ

ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಆರಕ್ಕೆ ಕಬ್ಬನ್ ಪಾರ್ಕಿನಲ್ಲಿ 8 ಕಿ.ಮೀ. ಓಡುತ್ತೇನೆ. ಮುಂಚೆ ಒಂದು ಲೋಟ ಕಾಫಿ ಮಾತ್ರ. ಐದು ಕಿ.ಮೀ. ದಾಟಿದರೆ ತಲೆ ಸುತ್ತುತ್ತದೆ. ತಿಂದು ಓಡಿದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ. ವಯಸ್ಸು 34, ಸಸ್ಯಾಹಾರಿ.
– ಓದುಗರು, ಜಯನಗರ

ರಾತ್ರಿ ಎಂಟಕ್ಕೆ ಉಂಡಿದ್ದರೆ ಆರು ಗಂಟೆಗೆ ನಿಮ್ಮದು ಹತ್ತು ತಾಸಿನ ಉಪವಾಸ. ರಕ್ತಕ್ಕೆ ಸಕ್ಕರೆ ಒದಗಿಸುವ ಯಕೃತ್ತಿನ ದಾಸ್ತಾನು ನಿದ್ದೆಯಲ್ಲೇ ಬಹಳಷ್ಟು ಕರಗಿರುತ್ತದೆ. ಕಾಫಿ ಹುರುಪು ಕೊಟ್ಟೀತು, ಕಸುವು ಕೊಡದು. ಅರ್ಧ ಗಂಟೆ ಮುಂಚೆ ಎರಡು ಏಲಕ್ಕಿ ಬಾಳೆಹಣ್ಣು ಅಥವಾ ನಾಲ್ಕು ಖರ್ಜೂರ ತಿನ್ನಿ. ಸುಮಾರು 25 ಗ್ರಾಂ ಕಾರ್ಬೋಹೈಡ್ರೇಟ್ ಸಿಗುತ್ತದೆ. ಹೊಟ್ಟೆ ಹಿಡಿಯುವುದು ಸಾಮಾನ್ಯವಾಗಿ ಎಣ್ಣೆ, ತುಪ್ಪದ ತಿಂಡಿಯಿಂದ, ಅದು ಜಠರ ಬಿಟ್ಟು ಹೊರಡುವುದೇ ನಿಧಾನ. ದೋಸೆ, ಖಾರಾಬಾತ್ ಓಟದ ನಂತರಕ್ಕಿರಲಿ.

ಎರಡು ವಾರದ ನಂತರವೂ ತಲೆ ಸುತ್ತಿದರೆ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವುದು), ಬಿ12 ಪರೀಕ್ಷೆ ಮಾಡಿಸಿ. ಓಡುವಾಗ ಎದೆನೋವು ಬಂದರೆ, ಕಣ್ಣು ಕತ್ತಲೆ ಕಟ್ಟಿದರೆ ಅಷ್ಟು ದಿನವೂ ಕಾಯಬೇಡಿ. ತಿಂಡಿಯ ಜೊತೆಗೇ ಕಾಫಿ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ, ಒಂದು ಗಂಟೆ ಬಿಟ್ಟು ಕುಡಿಯಿರಿ. ಕಾಳಿನ ಪಲ್ಯಕ್ಕೆ ನಿಂಬೆ ಹಿಂಡಿದರೆ ಹೆಚ್ಚು ಹತ್ತುತ್ತದೆ.

ಮಾರತ್ತಹಳ್ಳಿಯ ಪಿಜಿಯಲ್ಲಿದ್ದೇನೆ, ತೂಕ 70 ಕೆ.ಜಿ. ಪ್ರೋಟೀನ್ ಪೌಡರ್ ಇಲ್ಲದೆ ಮೈ ಕಟ್ಟುವುದಿಲ್ಲ ಅಂತ ಜಿಮ್‌ನಲ್ಲಿ ಹೇಳುತ್ತಾರೆ. ನಿಜವೇ?
– ಓದುಗರು, ಮಾರತ್ತಹಳ್ಳಿ

ನಿಜವಲ್ಲ. ಆದರೆ ಪಿಜಿ ಊಟ ಒಂದನ್ನೇ ನಂಬಿದರೂ ಆಗದು. ಸಾಮಾನ್ಯ ವಯಸ್ಕರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವುದು ದಿನಕ್ಕೆ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್. ಭಾರ ಎತ್ತುವವರಿಗೆ 1.6ರ ಆಸುಪಾಸು ಬೇಕು. ನಿಮಗೆ ಸುಮಾರು 110 ಗ್ರಾಂ. ಚಿತ್ರಾನ್ನ, ಚಪಾತಿ, ಅನ್ನ, ತೆಳ್ಳನೆ ಸಾರು ಎಲ್ಲ ಸೇರಿ ದಿನಕ್ಕೆ 35-40 ಬಂದರೆ ನಿಮ್ಮ ಪುಣ್ಯ.

ಉಳಿದದ್ದು ರೂಮಿನಲ್ಲೇ ಆಗುತ್ತದೆ. ನಾಲ್ಕು ಮೊಟ್ಟೆಗೆ 24, ಅರ್ಧ ಲೀಟರ್ ನಂದಿನಿ ಹಾಲಿಗೆ 15, 50 ಗ್ರಾಂ ಹುರಿಗಡಲೆಗೆ 10, 50 ಗ್ರಾಂ ಸೋಯಾ ಚಂಕ್ಸ್‌ಗೆ 25. ಸೋಯಾವನ್ನು ಕೆಟಲ್‌ನ ಕುದಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಹಿಂಡಿ, ತಣ್ಣೀರಿನಲ್ಲಿ ತೊಳೆದು ಮತ್ತೆ ಹಿಂಡಿ. ಈ ಎರಡನೇ ಹಿಂಡು ಬಿಟ್ಟರೆ ವಾಸನೆ ಉಳಿದು ಮೂರನೇ ದಿನಕ್ಕೆ ಬೇಸರವಾಗುತ್ತದೆ. ಎಲ್ಲವನ್ನೂ ರಾತ್ರಿಗೇ ತುಂಬಬೇಡಿ, ಹೊತ್ತಿಗೆ 25-30 ಗ್ರಾಂನಂತೆ ಹಂಚಿಕೊಳ್ಳಿ.

ಲೆಕ್ಕ ಎಡವುವುದು ಬೇಳೆಯಲ್ಲಿ. 100 ಗ್ರಾಂ ತೊಗರಿಬೇಳೆಗೆ 22 ಗ್ರಾಂ ಎನ್ನುವುದು ಹಸಿ ಬೇಳೆಯ ಲೆಕ್ಕ. ಸಾಂಬಾರಿನ ಬಟ್ಟಲಿನಲ್ಲಿ ಹತ್ತು ಗ್ರಾಂ ಬೇಳೆ ಇದ್ದರೆ ನಿಮಗೆ ಸಿಕ್ಕಿದ್ದು ಎರಡೇ ಗ್ರಾಂ.

ಪೌಡರ್ ಒಂದು ಸ್ಕೂಪ್ ಎಂದರೆ 20-25 ಗ್ರಾಂ ಪ್ರೋಟೀನ್, ನಾಲ್ಕು ಮೊಟ್ಟೆಯಷ್ಟು. ಬೇಯಿಸಲು ಜಾಗವಿಲ್ಲದವರಿಗೆ ಅನುಕೂಲ, ಅಷ್ಟೆ. ಮೂತ್ರಪಿಂಡದ ತೊಂದರೆಯಿದ್ದವರು ವೈದ್ಯರನ್ನು ಕೇಳದೆ ಈ ಪ್ರಮಾಣಕ್ಕೆ ಹೋಗಬಾರದು.

ಭಾನುವಾರ ನಂದಿ ಬೆಟ್ಟಕ್ಕೆ ಸೈಕಲ್ ಹೊಡೆಯುತ್ತೇವೆ. ಎಳನೀರು ಸಾಕೇ?
– ಓದುಗರು, ಯಲಹಂಕ

ಸಾಲದು. ಬೆವರಿನಲ್ಲಿ ಹೆಚ್ಚಾಗಿ ಹೋಗುವುದು ಸೋಡಿಯಂ. ಎಳನೀರಿನಲ್ಲಿ ಹೆಚ್ಚಿರುವುದು ಪೊಟ್ಯಾಸಿಯಂ. ಒಂದು ಲೀಟರ್ ನೀರಿಗೆ ಕಾಲು ಟೀ ಚಮಚ ಉಪ್ಪು, 50 ಗ್ರಾಂ ಸಕ್ಕರೆ, ಒಂದು ನಿಂಬೆ ಬೆರೆಸಿ ಗುಟುಕು ಗುಟುಕಾಗಿ ಕುಡಿಯಿರಿ. ಸಿಹಿ ಇದಕ್ಕಿಂತ ಹೆಚ್ಚಾದರೆ ಏರಿನಲ್ಲಿ ಹೊಟ್ಟೆ ಕುಲುಕುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಮೊದಲು ವೈದ್ಯರನ್ನು ಕೇಳಿ. ಹೊರಡುವ ಮುಂಚೆ, ಬಂದ ಮೇಲೆ ತೂಕ ನೋಡಿ: ಒಂದು ಕೆ.ಜಿ. ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ಬಾಕಿ. ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದೀರಿ, ರಕ್ತದ ಸೋಡಿಯಂ ಕುಸಿಯುವ ಅಪಾಯವಿದೆ, ಮುಂದಿನ ವಾರ ಕಡಿಮೆ ಮಾಡಿ.