ಅಪ್ಪ ಅಮ್ಮನ ಜೊತೆ ಮೊದಲ ಸಲ ಬ್ಯಾಂಕಾಕ್: ದುಡ್ಡು ಹೇಗೆ ಒಯ್ಯಬೇಕು, ಮೋಸ ಹೋಗದಿರಲು ಏನು ಮಾಡಬೇಕು?

ಮುಂದಿನ ತಿಂಗಳು ಅಪ್ಪ ಅಮ್ಮನನ್ನು ಕರೆದುಕೊಂಡು ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ಹೊರಟಿದ್ದೀರಿ. ಮೂವರಿಗೂ ಇದು ಮೊದಲ ವಿದೇಶ ಪ್ರವಾಸ. ದುಡ್ಡು ಹೇಗೆ ಒಯ್ಯಬೇಕು, ಅಲ್ಲಿ ಮೋಸ ಹೋಗದಿರಲು ಏನು ಮಾಡಬೇಕು ಅಂತ ಕೇಳಿದ್ದೀರಿ. ನಾನೂ 2018ರಲ್ಲಿ ಅಮ್ಮನನ್ನು ಕರೆದುಕೊಂಡು ಅಲ್ಲಿಗೇ ಹೋಗಿದ್ದೆ. ಆಗ ಆದದ್ದನ್ನು ಮೊದಲು ಹೇಳುತ್ತೇನೆ.

ಗ್ರ್ಯಾಂಡ್ ಪ್ಯಾಲೇಸ್ ಹತ್ತಿರ ಟ್ಯಾಕ್ಸಿ ಇಳಿದು ನಡೆಯುತ್ತಿದ್ದೆವು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಐವತ್ತು ದಾಟಿದ ಒಬ್ಬರು ಎದುರು ಬಂದರು. ಅಮ್ಮನಿಗೆ ಕೈ ಮುಗಿದರು. ಯಾವ ದೇಶ ಅಂತ ವಿಚಾರಿಸಿದರು. "ಬೆಳಿಗ್ಗೆ ಅರಮನೆ ಮುಚ್ಚಿದೆ, ಒಳಗೆ ಪೂಜೆ ಇದೆ, ಒಂದು ಗಂಟೆಗೆ ತೆಗೆಯುತ್ತಾರೆ. ಅಲ್ಲಿವರೆಗೆ ಬಿಸಿಲಲ್ಲಿ ಯಾಕೆ ನಿಲ್ಲುತ್ತೀರಿ? ಈ ಟುಕ್‌ಟುಕ್ ಹತ್ತಿ, ಮೂರು ದೇವಸ್ಥಾನ ನೋಡಿ ಬನ್ನಿ, ಬರೀ 40 ಬಾತ್" ಅಂದರು. (ಟುಕ್‌ಟುಕ್ ಅಂದರೆ ಅಲ್ಲಿನ ಆಟೋ, ಬಾತ್ ಅಂದರೆ ಅಲ್ಲಿನ ದುಡ್ಡು.) ದೇವಸ್ಥಾನ ಅಂದ ತಕ್ಷಣ ಅಮ್ಮನ ಮುಖ ಅರಳಿತು. ಹತ್ತಿದೆವು.

ಒಂದು ದೇವಸ್ಥಾನವನ್ನು ನಿಜವಾಗಿಯೂ ತೋರಿಸಿದರು. ಅಲ್ಲಿ ಇನ್ನೊಬ್ಬ ಮಾತಿಗೆ ಸಿಕ್ಕಿದ. ಇವತ್ತೊಂದೇ ದಿನ ಸರ್ಕಾರಿ ಅಂಗಡಿಯಲ್ಲಿ ತೆರಿಗೆ ಇಲ್ಲದೆ ಹರಳು ಮಾರುತ್ತಾರೆ ಅಂದ. ಆಮೇಲೆ ಗಾಡಿ ಹೋಗಿ ನಿಂತದ್ದೇ ಆ ಅಂಗಡಿ ಮುಂದೆ. ಒಳಗೆ ಎಸಿ, ಕುಡಿಯಲು ತಣ್ಣನೆ ಜ್ಯೂಸ್, ಅಮ್ಮನಿಗೆ ಮೆತ್ತನೆ ಕುರ್ಚಿ. ಇಷ್ಟು ಉಪಚಾರ ಮಾಡಿದವರ ಎದುರು ಬರಿಗೈಲಿ ಎದ್ದು ಬರುವುದು ಹೇಗೆ ಅಂತ ಅಮ್ಮನಿಗೆ ಸಂಕೋಚ, ನನಗೂ ಸಂಕೋಚ. 14,000 ಬಾತ್ ಕೊಟ್ಟು ಒಂದು ಕೆಂಪು ಹರಳಿನ ಉಂಗುರ ತಂದೆವು. ಊರಿಗೆ ಬಂದು ನಮ್ಮ ಮನೆಯ ಒಡವೆ ಮಾಡಿಕೊಡುವ ಅಕ್ಕಸಾಲಿಗರಿಗೆ ತೋರಿಸಿದರೆ, ಕೊಟ್ಟದ್ದರಲ್ಲಿ ಐದನೇ ಒಂದು ಭಾಗವೂ ಬಾಳುವುದಿಲ್ಲ ಅಂದರು. ಅಮ್ಮ ಆ ಉಂಗುರವನ್ನು ಒಂದು ದಿನವೂ ಹಾಕಲಿಲ್ಲ. ದುಡ್ಡು ಹೋದದ್ದಕ್ಕಿಂತ ನನಗೆ ಅದೇ ಜಾಸ್ತಿ ನೋವು.

ಬ್ಯಾಂಕಾಕ್‌ನಲ್ಲಿ ಈ ಆಟ ದಶಕಗಳಿಂದ ನಡೆಯುತ್ತಿದೆ. ಗಾಡಿಯವರಿಗೆ ಅಂಗಡಿಯಿಂದ ಕಮಿಷನ್ ಸಿಗುತ್ತದೆ, ಅದಕ್ಕೇ 40 ಬಾತ್‌ಗೆ ಊರೆಲ್ಲ ಸುತ್ತಿಸುತ್ತಾರೆ. ಅರಮನೆ ದಿನಾ ಬೆಳಿಗ್ಗೆ 8:30ಕ್ಕೆ ತೆರೆಯುತ್ತದೆ, ಮಧ್ಯಾಹ್ನ 3:30ರವರೆಗೆ ಟಿಕೆಟ್ ಕೊಡುತ್ತಾರೆ. ಮುಚ್ಚಿದೆಯೋ ಇಲ್ಲವೋ ಅನ್ನುವುದನ್ನು ಟಿಕೆಟ್ ಕೌಂಟರ್‌ನವರ ಬಾಯಿಂದ ಕೇಳಿ. ರಸ್ತೆಯಲ್ಲಿ ಸಿಕ್ಕವರು ಹೇಳಿದರೆ ಕೇಳಿಸಿಕೊಳ್ಳಲೂಬೇಡಿ.

ನಮ್ಮನ್ನು ಅವತ್ತು ಕೆಡಿಸಿದ್ದು ದಾಕ್ಷಿಣ್ಯ. ಹಿರಿಯರೊಬ್ಬರು ಕೈ ಮುಗಿದು ಮಾತಾಡಿಸಿದರೆ ಉತ್ತರ ಕೊಡದೆ ಹೋಗುವುದು ನಮ್ಮ ಅಪ್ಪ ಅಮ್ಮಂದಿರಿಗೆ ಬರುವುದಿಲ್ಲ, ಅಲ್ವಾ? ಪ್ಯಾರಿಸ್‌ನ ಮೊಂಮಾರ್ತ್ ಗುಡ್ಡದ ಹತ್ತಿರ ಪ್ರವಾಸಿಗರ ಕೈಗೆ ದಾರ ಕಟ್ಟಿ ಆಮೇಲೆ ದುಡ್ಡು ಕೇಳುವವರು ಇರುತ್ತಾರೆ. ಅವರು ನಂಬಿಕೊಂಡಿರುವುದೂ ಇದೇ ದಾಕ್ಷಿಣ್ಯವನ್ನು. ಹಾಗಂತ ಇದನ್ನು ದಾಟುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಊರಿನ ಬಸ್ಸಿನಿಂದ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದಾಗ ಆಟೋದವರು ಸುತ್ತುವರಿದು "ಎಲ್ಲಿಗೆ ಸಾರ್" ಅನ್ನುತ್ತಾರೆ. ನಾವು ಬ್ಯಾಗ್ ಹಿಡಿದು, ತಲೆ ಎತ್ತದೆ, ನೇರ ನಡೆದುಬಿಡುತ್ತೇವೆ. ಅದನ್ನು ಯಾರೂ ಒರಟುತನ ಅನ್ನುವುದಿಲ್ಲ. ನಿಮ್ಮ ಅಮ್ಮನಿಗೆ ಈ ಮಾತನ್ನೇ ಹೇಳಿ: "ಅಲ್ಲಿ ತಾನಾಗಿ ಬಂದು ಮಾತಾಡಿಸುವವರು ಮೆಜೆಸ್ಟಿಕ್ ಆಟೋದವರ ಹಾಗೆ, ನಿಲ್ಲಬೇಡ." ನೂರು ಎಚ್ಚರಿಕೆಗಿಂತ ಇದು ಬೇಗ ಅರ್ಥವಾಗುತ್ತದೆ. ದಾರಿ ಕೇಳಬೇಕಾದರೆ ನೀವೇ ಯಾರನ್ನಾದರೂ ಆರಿಸಿ ಕೇಳಿ. ಥಾಯ್ ಜನ ತುಂಬಾ ಒಳ್ಳೆಯವರು, ಖಂಡಿತ ಸಹಾಯ ಮಾಡುತ್ತಾರೆ.

ಈಗ ದುಡ್ಡಿನ ವಿಷಯ. ಎಳನೀರಿಗೂ ಸ್ಕ್ಯಾನ್ ಮಾಡಿ ಅಭ್ಯಾಸವಾಗಿರುವ ನಮಗೆ ನೋಟು ಎಣಿಸುವುದೇ ಮರೆತುಹೋಗಿದೆ. ನಮ್ಮ ಯುಪಿಐ ಭೂತಾನ್, ಶ್ರೀಲಂಕಾ, ಮಾರಿಷಸ್‌ನಂಥ ಕೆಲವು ದೇಶಗಳ ಅಂಗಡಿಗಳಲ್ಲಿ ನಡೆಯುತ್ತದೆ ನಿಜ. ಆದರೆ ಅದನ್ನು ನಂಬಿ ಬ್ಯಾಂಕಾಕ್‌ಗೆ ಹೊರಡಬೇಡಿ. ದುಡ್ಡನ್ನು ಮೂರು ಪಾಲು ಮಾಡಿ: ಸ್ವಲ್ಪ ಬಾತ್ ನೋಟು, ಒಂದು ಫಾರೆಕ್ಸ್ ಕಾರ್ಡ್ (ಮೊದಲೇ ವಿದೇಶಿ ದುಡ್ಡು ತುಂಬಿಸಿಕೊಂಡು ಹೋಗುವ ಕಾರ್ಡ್), ಬೇರೆ ಬ್ಯಾಂಕಿನ ಇನ್ನೊಂದು ಕಾರ್ಡ್. ಈ ಮೂರನೆಯದು ಹೋಟೆಲ್ ಕೋಣೆಯ ಲಾಕರ್‌ನಲ್ಲೇ ಇರಲಿ. ಪರ್ಸ್ ಹೋದರೆ ಪರ್ಸ್ ಮಾತ್ರ ಹೋಗಬೇಕು, ಪ್ರವಾಸವೇ ಹೋಗಬಾರದು. ನಿಯಮದ ಪ್ರಕಾರ ಒಬ್ಬರು 3,000 ಡಾಲರ್‌ವರೆಗೆ ವಿದೇಶಿ ನೋಟು ಒಯ್ಯಬಹುದು, ಆದರೆ ಅಷ್ಟು ಬೇಡವೇ ಬೇಡ. ಐದಾರು ದಿನಕ್ಕೆ ಮೂವರಿಗೂ ಸೇರಿ 15,000 ಬಾತ್ ಕೈಯಲ್ಲಿದ್ದರೆ ಸಾಕು ಅಂತ ನನ್ನ ಲೆಕ್ಕ.

ನೋಟನ್ನು ವಿಮಾನ ನಿಲ್ದಾಣದಲ್ಲಿ ಕೊನೇ ಗಳಿಗೆಯಲ್ಲಿ ಬದಲಾಯಿಸಬೇಡಿ, ಅಲ್ಲಿ ರೇಟ್ ತೀರಾ ಕಡಿಮೆ ಕೊಡುತ್ತಾರೆ. ಒಂದು ವಾರ ಮೊದಲೇ ಎಂ.ಜಿ. ರಸ್ತೆಯಲ್ಲೋ ಜಯನಗರದಲ್ಲೋ ರಿಸರ್ವ್ ಬ್ಯಾಂಕ್ ಲೈಸೆನ್ಸ್ ಇರುವ ಎರಡು ಮೂರು ಕಡೆ ಫೋನ್ ಮಾಡಿ. "ಎಲ್ಲ ಸೇರಿ ಕೈಗೆ ಎಷ್ಟು ಬಾತ್ ಬರುತ್ತದೆ" ಅಂತ ಕೇಳಿ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಒಯ್ಯಿರಿ. ಬಿಲ್ ಇಲ್ಲದೆ ಒಳ್ಳೆ ರೇಟ್ ಕೊಡ್ತೀನಿ ಅನ್ನುವವರ ಹತ್ತಿರ ಹೋಗಬೇಡಿ. ನಾಳೆ ಖೋಟಾ ನೋಟು ಬಂದರೆ ಕೇಳಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಕಾರ್ಡ್‌ನಲ್ಲಿ ಎರಡು ಕೆಲಸ ಇಲ್ಲೇ ಮುಗಿಸಿ. 2020ರಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳಲ್ಲಿ ವಿದೇಶದ ಬಳಕೆ ಆಫ್ ಆಗಿಯೇ ಬರುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ನೀವೇ ಆನ್ ಮಾಡಬೇಕು. ಹಾಗೆ ಮಾಡುವಾಗ ದಿನದ ಮಿತಿಯನ್ನೂ ಕಡಿಮೆ ಇಡಿ. ಆನ್‌ಲೈನ್ ಬಳಕೆ ಬೇಡದಿದ್ದರೆ ಅದನ್ನು ಆಫ್ ಇಡಿ, ಯಾಕೆಂದರೆ ಹೊರದೇಶದ ಎಷ್ಟೋ ಜಾಲತಾಣಗಳಲ್ಲಿ ಓಟಿಪಿ ಕೇಳದೆಯೇ ದುಡ್ಡು ಕಟ್ ಆಗುತ್ತದೆ. ಇನ್ನೊಂದು, ಇಲ್ಲಿನ ಸಿಮ್ ತೆಗೆಯಬೇಡಿ. ರೋಮಿಂಗ್ ಹಾಕಿಸಿ ಫೋನಿನಲ್ಲೇ ಇಟ್ಟುಕೊಂಡು, ಅಲ್ಲಿನ ಸಿಮ್ಮನ್ನು ಎರಡನೇ ಸ್ಲಾಟ್‌ಗೆ ಹಾಕಿ. ಬ್ಯಾಂಕಿನ ಮೆಸೇಜ್ ಬಾರದಿದ್ದರೆ ದುಡ್ಡು ಹೋದದ್ದು ಊರಿಗೆ ಬಂದ ಮೇಲೇ ಗೊತ್ತಾಗುವುದು.

ಇನ್ನು ಯಾರೂ ಇದನ್ನು ಮೋಸ ಅನ್ನುವುದಿಲ್ಲ, ಕಾನೂನಿನ ಪ್ರಕಾರವೇ ನಡೆಯುತ್ತದೆ, ಆದರೂ ನನಗೆ ಇದರ ಮೇಲೆ ಸಿಟ್ಟಿದೆ. ಅಂಗಡಿಯಲ್ಲಿ ಕಾರ್ಡ್ ಹಾಕಿದಾಗ ಮೆಷಿನ್ "ರೂಪಾಯಿಯಲ್ಲಿ ಕೊಡುತ್ತೀರಾ, ಬಾತ್‌ನಲ್ಲಿ ಕೊಡುತ್ತೀರಾ" ಅಂತ ಕೇಳುತ್ತದೆ. ರೂಪಾಯಿ ನೋಡಿದ ಕೂಡಲೇ ನಮ್ಮದೇ ಅನ್ನಿಸುತ್ತದೆ, ಲೆಕ್ಕ ಸುಲಭ ಅನ್ನಿಸುತ್ತದೆ. ಒತ್ತಬೇಡಿ. ರೂಪಾಯಿ ಆರಿಸಿದರೆ ರೇಟ್ ನಿಗದಿ ಮಾಡುವುದು ಆ ಮೆಷಿನ್ ಕಡೆಯವರು, ಅದರಲ್ಲಿ ಅವರ ಲಾಭ ಸೇರಿರುತ್ತದೆ. ಅದರ ಮೇಲೆ ನಮ್ಮ ಬ್ಯಾಂಕೂ ಬೇರೆ ಶುಲ್ಕ ಹಾಕಬಹುದು. ಯಾವಾಗಲೂ ಬಾತ್ ಅಂತಲೇ ಹೇಳಿ. ಎಟಿಎಂನಲ್ಲಂತೂ ಇದು ಇನ್ನೂ ಗೊಂದಲ. "ಕನ್ವರ್ಷನ್ ಬೇಡ" ಅನ್ನುವ ಗುಂಡಿ ಒತ್ತಿದರೆ ಎಲ್ಲಿ ದುಡ್ಡೇ ಬರುವುದಿಲ್ಲವೋ ಅಂತ ಭಯವಾಗುತ್ತದೆ. ಧೈರ್ಯವಾಗಿ ಒತ್ತಿ, ದುಡ್ಡು ಬರುತ್ತದೆ. ಬೇಡವಾಗುವುದು ಅವರ ರೇಟ್ ಮಾತ್ರ. ಥಾಯ್ ಎಟಿಎಂಗಳು ಹೊರಗಿನ ಕಾರ್ಡ್‌ಗೆ ಪ್ರತಿ ಸಲವೂ 200 ಬಾತ್‌ಗೂ ಹೆಚ್ಚು ಶುಲ್ಕ ಹಿಡಿಯುತ್ತವೆ. ಹಾಗಾಗಿ ಚೂರು ಚೂರು ತೆಗೆಯದೆ ಒಮ್ಮೆಗೇ ತೆಗೆಯಿರಿ.

ಹೊರಡುವ ಮೊದಲೇ ಮೋಸ ಹೋಗುವ ಜಾಗವೂ ಒಂದಿದೆ. 2025ರ ಮೇ 1ರಿಂದ ಥಾಯ್ಲೆಂಡ್‌ಗೆ ಹೋಗುವವರು ಡಿಜಿಟಲ್ ಅರೈವಲ್ ಕಾರ್ಡ್ ಅನ್ನುವ ಪ್ರವೇಶದ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಬೇಕು. ಅದಕ್ಕೆ ಒಂದು ಪೈಸೆಯೂ ಇಲ್ಲ. ಆದರೆ ಗೂಗಲ್‌ನಲ್ಲಿ ಹುಡುಕಿದರೆ ಸರ್ಕಾರದ್ದೇ ಅನ್ನಿಸುವ ಖಾಸಗಿ ತಾಣಗಳು ಬಂದು ದುಡ್ಡು ಕೇಳುತ್ತವೆ, ಪಾಸ್‌ಪೋರ್ಟ್ ವಿವರವನ್ನೂ ತೆಗೆದುಕೊಳ್ಳುತ್ತವೆ. ವಿಳಾಸದ ಕೊನೆಯಲ್ಲಿ "ಡಾಟ್ ಜಿಒ ಡಾಟ್ ಟಿಎಚ್" ಇದೆಯಾ ನೋಡಿ. ದುಡ್ಡು ಕೇಳಿದರೆ ಅಲ್ಲೇ ಮುಚ್ಚಿ.

ಬ್ಯಾಂಕಾಕ್‌ನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಕೆಳಗಿನ ಮಹಡಿಯ ಟ್ಯಾಕ್ಸಿ ಸಾಲಿಗೇ ಹೋಗಿ, ಮೆಷಿನ್‌ನಿಂದ ಚೀಟಿ ತೆಗೆದುಕೊಳ್ಳಿ. ಮೀಟರ್ ಬಾಡಿಗೆಯ ಮೇಲೆ ನಿಲ್ದಾಣದ 50 ಬಾತ್ ಮತ್ತು ಟೋಲ್ ಕೊಡಬೇಕು, ಅದು ಸರಿಯಾದ ಲೆಕ್ಕವೇ. ಮೀಟರ್ ಹಾಕಲ್ಲ ಅಂದರೆ ಇಳಿದುಬಿಡಿ. ಪಟ್ಟಾಯದ ಕಡಲ ತೀರಕ್ಕೂ ಹೋಗಿ ಜೆಟ್ ಸ್ಕೀ (ನೀರಿನ ಮೇಲೆ ಓಡಿಸುವ ಸ್ಕೂಟರ್) ಬಾಡಿಗೆಗೆ ತೆಗೆದುಕೊಂಡರೆ ಮೊದಲೇ ಸುತ್ತಲೂ ವಿಡಿಯೋ ಮಾಡಿ. ಹಳೆಯ ಗೀರು ತೋರಿಸಿ ದಂಡ ಕೇಳುವವರಿದ್ದಾರೆ. ಪಾಸ್‌ಪೋರ್ಟ್ ಅಡ ಇಡಿ ಅಂದರೆ ಅಲ್ಲಿಂದ ಹೊರಡಿ.

ಮನೆಯಲ್ಲಿ ಉಳಿಯುವವರಿಗೂ ಒಂದು ಮಾತು ಹೇಳಿ ಹೋಗಿ. ಬೋರ್ಡಿಂಗ್ ಪಾಸ್ ಫೋಟೋವನ್ನು ಸ್ಟೇಟಸ್‌ಗೆ ಹಾಕಿದರೆ ನೀವು ಊರಲ್ಲಿಲ್ಲ ಅಂತ ಎಲ್ಲರಿಗೂ ತಿಳಿಯುತ್ತದೆ. "ನಿಮ್ಮ ಹುಡುಗ ಬ್ಯಾಂಕಾಕ್ ಪೊಲೀಸರ ಕೈಗೆ ಸಿಕ್ಕಿದ್ದಾನೆ, ತಕ್ಷಣ ದುಡ್ಡು ಕಳಿಸಿ" ಅಂತ ಅಜ್ಜಿಗೋ ದೊಡ್ಡಪ್ಪನಿಗೋ ಫೋನ್ ಬಂದರೆ ಅವರು ಗಾಬರಿಯಲ್ಲಿ ಕಳಿಸಿಯೇ ಬಿಡುತ್ತಾರೆ. ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಅದು ಹಳೆಯ ಹಸುವಿನ ಹೆಸರು.

ಇಷ್ಟಾದ ಮೇಲೂ ಏನಾದರೂ ಆದರೆ, ಮೊದಲು ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿ, ಆಮೇಲೆ ಬ್ಯಾಂಕಿಗೆ ತಿಳಿಸಿ ದೂರಿನ ನಂಬರ್ ಬರೆದುಕೊಳ್ಳಿ. ತಡ ಮಾಡಿದಷ್ಟೂ ನಷ್ಟ ನಿಮ್ಮ ತಲೆಗೇ ಬರುತ್ತದೆ. ಓಟಿಪಿ, ಪಿನ್ ನೀವೇ ಕೊಟ್ಟಿದ್ದರಂತೂ, ಬ್ಯಾಂಕಿಗೆ ಹೇಳುವವರೆಗೆ ಹೋದದ್ದೆಲ್ಲ ನಿಮ್ಮದೇ. ಅಲ್ಲಿನ ಟೂರಿಸ್ಟ್ ಪೊಲೀಸ್ ನಂಬರ್ 1155, ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ. ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ದೂರಿನ ಪ್ರತಿ ಹಿಡಿದು ಭಾರತದ ರಾಯಭಾರ ಕಚೇರಿಗೆ ಹೋಗಿ, ಊರಿಗೆ ಮರಳಲು ತುರ್ತು ಪ್ರಮಾಣಪತ್ರ ಕೊಡುತ್ತಾರೆ. ದಯವಿಟ್ಟು ಅಪ್ಪ ಅಮ್ಮನನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ, ಬ್ಯಾಂಕಿಗೆ ಹೇಳುವ ಹೊತ್ತು ಕಳೆದುಹೋಗುತ್ತದೆ.

ಕೊನೆಗೆ ಒಂದು ಸಣ್ಣ ಕೆಲಸ. ಹೋಟೆಲ್ ಸೇರಿದ ತಕ್ಷಣ ರಿಸೆಪ್ಷನ್‌ನಲ್ಲಿ ಥಾಯ್ ಲಿಪಿಯಲ್ಲಿ ವಿಳಾಸ ಇರುವ ಮೂರು ಕಾರ್ಡ್ ಇಸಿದುಕೊಳ್ಳಿ. ಒಂದೊಂದರ ಹಿಂದೆ ನಿಮ್ಮ ಫೋನ್ ನಂಬರ್ ಬರೆದು, 500 ಬಾತ್ ಜೊತೆ ಮಡಚಿ, ಅಪ್ಪನ ಅಂಗಿ ಜೇಬಿಗೊಂದು, ಅಮ್ಮನ ಪರ್ಸಿಗೊಂದು, ನಿಮ್ಮ ಜೇಬಿಗೊಂದು ಹಾಕಿ. ಗುಂಪಿನಲ್ಲಿ ತಪ್ಪಿಸಿಕೊಂಡರೂ ಟ್ಯಾಕ್ಸಿಯವರಿಗೆ ಆ ಕಾರ್ಡ್ ತೋರಿಸಿ ವಾಪಸ್ ಬರುತ್ತಾರೆ.