ಓದುಗರ ಪ್ರಶ್ನೆ, ನಮ್ಮ ಉತ್ತರ: ಬಳಸಿದ ಪ್ರೊಸೆಸರ್ ಮತ್ತು ಸೊಟ್ಟಗಾದ ಪಿನ್ನುಗಳು

ಪ್ರಶ್ನೆ: ನಾನು ಗಂಗಾವತಿಯಲ್ಲಿ ಸಣ್ಣದೊಂದು ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಫ್ಲೆಕ್ಸ್ ವಿನ್ಯಾಸಕ್ಕೆ ಹಳೆಯ ಕಂಪ್ಯೂಟರ್ ಸಾಲದೆ, ಆನ್‌ಲೈನ್ ಅಂಗಡಿಯೊಂದರಿಂದ ಬಳಸಿದ ರೈಜೆನ್ 5 3600 ಪ್ರೊಸೆಸರ್ ತರಿಸಿದೆ. ಪಾರ್ಸೆಲ್ ಬಿಚ್ಚಿ ನೋಡಿದರೆ ಒಂದು ಮೂಲೆಯ ಏಳೆಂಟು ಪಿನ್ನುಗಳು ಸೊಟ್ಟಗಾಗಿವೆ. ಕಳಿಸುವಾಗ ಸರಿಯಾಗಿಯೇ ಇತ್ತೆಂದು ಮಾರಿದವರು ಹೇಳುತ್ತಾರೆ. ನಾನೇ ನೆಟ್ಟಗೆ ಮಾಡಿ ಕೂರಿಸಬಹುದೇ? ಮದರ್‌ಬೋರ್ಡಿಗೆ ತೊಂದರೆಯಾದೀತೇ?

ಉತ್ತರ: ನೆಟ್ಟಗೆ ಮಾಡಲು ಬರುತ್ತದೆ, ಆದರೆ ಇವತ್ತೇ ಕೈ ಹಾಕಬೇಡಿ. ಒಮ್ಮೆ ನೀವು ಪಿನ್ನು ಮುಟ್ಟಿದಿರೆಂದರೆ, ಹಾಳು ಮಾಡಿದವರು ನೀವೇ ಎನ್ನಲು ಮಾರಿದವರಿಗೆ ದಾರಿ ಸಿಗುತ್ತದೆ. ಮೊದಲು ಪಾರ್ಸೆಲ್ಲಿನ ವಿಳಾಸದ ಚೀಟಿ, ಒಳಗಿನ ಪ್ಯಾಕಿಂಗ್, ಪ್ರೊಸೆಸರ್‌ನ ಮೇಲ್ಭಾಗದ ಲೋಹದ ಮುಚ್ಚಳದ ಮೇಲೆ ಕೊರೆದಿರುವ ಸಂಖ್ಯೆಗಳು ಮತ್ತು ಕೆಳಗಿನ ಪಿನ್ನುಗಳು ಸ್ಪಷ್ಟವಾಗಿ ಕಾಣುವಂತೆ ಫೋಟೊ ತೆಗೆದು, ಆ ಅಂಗಡಿಯ ದೂರು ವಿಭಾಗಕ್ಕೆ ಅಂದೇ ಬರೆದು ಹಾಕಿ. ಪಿನ್ನಿನ ಕಡೆಗೆ ಗಟ್ಟಿ ರಕ್ಷಣೆಯಿಲ್ಲದೆ ಬರಿಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಳಿಸಿದ್ದರೆ ಆ ಕವರನ್ನೂ ಎಸೆಯಬೇಡಿ, ನಿಮ್ಮ ಮಾತಿಗೆ ಅದೇ ಸಾಕ್ಷಿ. ಹಣ ವಾಪಸು ಬರುವ ಹಾಗಿದ್ದರೆ ವಸ್ತುವನ್ನು ಹಿಂದಿರುಗಿಸುವುದೇ ಮೇಲು. ಕಡಿಮೆ ದರಕ್ಕೆ ಇಟ್ಟುಕೊಳ್ಳಲು ಇಬ್ಬರೂ ಒಪ್ಪಿದರೆ, ಆ ಒಪ್ಪಿಗೆ ಬರಹದಲ್ಲಿ ಬಂದ ಮೇಲೆ ರಿಪೇರಿಯ ಯೋಚನೆ ಮಾಡಿ.

ನಿಮ್ಮದು ಎಎಂಡಿ ಕಂಪನಿಯ ಎಎಂ4 ಎಂಬ ಸಾಕೆಟ್‌ಗೆ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಹೊಂದುವ ಮಾದರಿಯ ಪ್ರೊಸೆಸರ್. ಇದರಲ್ಲಿ 1331 ಪಿನ್ನುಗಳಿದ್ದು, ಅವೆಲ್ಲವೂ ಪ್ರೊಸೆಸರ್‌ನ ಮೈಯಲ್ಲೇ ಇರುತ್ತವೆ. ಈ ಮಾದರಿಯ ಸಾಕೆಟ್‌ನಲ್ಲಿ ಪ್ರೊಸೆಸರನ್ನು ಮೇಲಿನಿಂದ ಒತ್ತಿ ಹಿಡಿಯುವ ಲೋಹದ ಚೌಕಟ್ಟಿಲ್ಲ. ಪಕ್ಕದ ಲಿವರ್ ಪಿನ್ನುಗಳನ್ನಷ್ಟೇ ಬಿಗಿಹಿಡಿಯುತ್ತದೆ. ಹೀಗಾಗಿ ಪ್ರೊಸೆಸರ್‌ಗೂ ಅದನ್ನು ತಣ್ಣಗಿಡುವ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿ ಅಂಟಾಗಿದ್ದಾಗ ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದರೆ, ಲಿವರ್ ಹಾಕಿದ್ದರೂ ಪ್ರೊಸೆಸರ್ ಕಿತ್ತುಕೊಂಡು ಬರುತ್ತದೆ. ಪಿನ್ನು ಬಾಗಲು ಕೊರಿಯರಿನವರೇ ಕಾರಣವಾಗಬೇಕೆಂದಿಲ್ಲ. ಬಿಚ್ಚಿದವರ ಅವಸರವೂ ಎಷ್ಟೋ ಸಲ ಕಾರಣವಾಗಿರುತ್ತದೆ. (ನಿಮ್ಮ ಹಳೆಯ ಯಂತ್ರವೂ ಇದೇ ಮಾದರಿಯದಾಗಿದ್ದರೆ, ಹತ್ತು ನಿಮಿಷ ಓಡಿಸಿ, ಪೇಸ್ಟ್ ಬೆಚ್ಚಗಾದ ಮೇಲೆ ಆಫ್ ಮಾಡಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಸಡಿಲಿಸಿದ ನಂತರವೇ ಎತ್ತಿ.)

ರಿಪೇರಿಗೆ ಕೂರುವ ಮೊದಲು, ಮಣ್ಣಿಗೆ ಸಂಪರ್ಕವಿರುವ ಲೋಹವನ್ನು ಮುಟ್ಟಿ ಮೈಯಲ್ಲಿನ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಳ್ಳಿ. ಪ್ರೊಸೆಸರನ್ನು ಪಿನ್ನು ಮೇಲೆ ಬರುವಂತೆ ಇಟ್ಟು, ಮೊಬೈಲ್ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು, ನಾಲ್ಕೂ ಬದಿಯಿಂದ ಸಾಲುಗಳ ಉದ್ದಕ್ಕೆ ಭೂತಕನ್ನಡಿ ಹಿಡಿದು ನೋಡಿ. ನಾಟಿ ಮಾಡಿದ ಗದ್ದೆಯಲ್ಲಿ ಸಾಲು ತಪ್ಪಿದ ಸಸಿ ಬದುವಿನ ಮೇಲೆ ನಿಂತವರ ಕಣ್ಣಿಗೆ ಬೀಳುವ ಹಾಗೆ, ಬಾಗಿದ ಪಿನ್ನು ಎದ್ದು ಕಾಣುತ್ತದೆ. ಕಡ್ಡಿ ಪೂರ್ತಿ ತೆಗೆದ ಪೆನ್‌ಪೆನ್ಸಿಲ್‌ನ ಲೋಹದ ತುದಿಯನ್ನು ಪಿನ್ನಿನ ಮೇಲೆ ತೊಡಿಸಿ, ಕೂದಲೆಳೆಯಷ್ಟೇ ಸರಿಸಿ, ಬಿಟ್ಟು, ಮತ್ತೆ ನೋಡಿ. ಪೆನ್ಸಿಲ್ ಕಡ್ಡಿಯ ಪುಡಿಯಲ್ಲಿ ವಿದ್ಯುತ್ ಹರಿಯುವುದರಿಂದ ಅದು ಪಿನ್ನುಗಳ ನಡುವೆ ಉದುರಬಾರದು. ಒಮ್ಮೆಲೇ ನೆಟ್ಟಗೆ ಮಾಡುವ ಹಟ ಬೇಡ, ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಪಿನ್ನು ಬುಡದಲ್ಲೇ ಮುರಿಯುತ್ತದೆ.

ಕೂರಿಸುವಾಗ ಲಿವರ್ ಎತ್ತಿ, ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ಗುರುತಿಗೆ ಹೊಂದಿಸಿ ಇಟ್ಟರೆ ಪ್ರೊಸೆಸರ್ ತನ್ನ ಭಾರಕ್ಕೇ ಕೆಳಗಿಳಿಯಬೇಕು. ಇಳಿಯದಿದ್ದರೆ ಬೆರಳಿನಿಂದ ಅದುಮಬೇಡಿ, ತೆಗೆದು ಮತ್ತೆ ಪರೀಕ್ಷಿಸಿ. ಮದರ್‌ಬೋರ್ಡಿಗೆ ಅಪಾಯವಾಗುವುದು ಇಲ್ಲಿಯೇ: ಅದುಮಿದರೆ ಪಿನ್ನು ಮುರಿದು ಸಾಕೆಟ್‌ನ ರಂಧ್ರದಲ್ಲಿ ಸಿಕ್ಕಿಕೊಳ್ಳಬಹುದು, ಪಕ್ಕದ ಪಿನ್ನಿಗೆ ತಾಗಿದ್ದಾಗ ವಿದ್ಯುತ್ ಹರಿದರೆ ಶಾರ್ಟ್ ಆಗಬಹುದು. ಪಿನ್ನು ಮುರಿದರೆ ಎಲ್ಲವೂ ಮುಗಿಯಿತೆಂದಲ್ಲ. ವಿದ್ಯುತ್ ಪೂರೈಕೆಗೂ ಗ್ರೌಂಡಿಗೂ ಹಲವಾರು ಪಿನ್ನುಗಳು ಇರುವುದರಿಂದ ಅಂಥದ್ದೊಂದು ಹೋದರೂ ಕೆಲಸ ನಡೆಯುವುದುಂಟು. ಮೆಮೊರಿಯ ಪಿನ್ನು ಹೋದರೆ ಎರಡು ರ‍್ಯಾಮ್‌ಗಳ ಪೈಕಿ ಒಂದು ಕಾಣದೇ ಹೋಗಬಹುದು. ಎರಡೂ ರ‍್ಯಾಮ್ ಪೂರ್ತಿ ಕಾಣುತ್ತಿವೆಯೇ ಎಂದು ನೋಡಿ, ರಾತ್ರಿಯಿಡೀ ಮೆಮೊರಿ ಪರೀಕ್ಷೆ ಓಡಿಸಿ, ಗಿರಾಕಿಯ ಕೆಲಸವನ್ನು ಆಮೇಲೆ ಹಚ್ಚಿ. ಪರದೆಯಲ್ಲಿ ಏನೂ ಮೂಡದಿದ್ದರೆ ತಕ್ಷಣ ಪಿನ್ನನ್ನು ದೂರಬೇಡಿ. 3600ರಲ್ಲಿ ಒಳ ಗ್ರಾಫಿಕ್ಸ್ ಇಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಹಳೆಯ ಬೋರ್ಡ್ ಆದರೆ ಬಯೋಸ್ (ಯಂತ್ರವನ್ನು ಶುರುಮಾಡುವ, ಬೋರ್ಡಿನೊಳಗಿನ ತಂತ್ರಾಂಶ) ಅಪ್‌ಡೇಟ್ ಕೂಡ ಆಗಿರಬೇಕು.

ಪ್ರಶ್ನೆ: ಬಳ್ಳಾರಿಯ ನಮ್ಮ ಜೀನ್ಸ್ ಹೊಲಿಗೆ ಘಟಕದ ಲೆಕ್ಕಪತ್ರಕ್ಕಾಗಿ ಇಂಟೆಲ್ ಕೋರ್ ಐ5-10400 ಪ್ರೊಸೆಸರನ್ನು ಮದರ್‌ಬೋರ್ಡ್ ಸಮೇತ ಕೊಳ್ಳಬೇಕೆಂದಿದ್ದೇವೆ. ಇದರಲ್ಲಿ ಪಿನ್ನಿನ ಭಯವಿಲ್ಲವೇ?

ಉತ್ತರ: ಭಯ ಪ್ರೊಸೆಸರ್‌ನಿಂದ ಬೋರ್ಡಿಗೆ ಸ್ಥಳಾಂತರವಾಗಿದೆ, ಅಷ್ಟೆ. ಈ ಮಾದರಿಯಲ್ಲಿ ಪ್ರೊಸೆಸರ್‌ನ ಕೆಳಗೆ ಚಪ್ಪಟೆ ಚಿನ್ನದ ಚುಕ್ಕೆಗಳಿದ್ದು, ಪಿನ್ನುಗಳು ಸಾಕೆಟ್‌ನಲ್ಲಿವೆ. ಎಎಂ4 ಪಿನ್ನಿಗಿಂತ ಇವು ಬಹಳ ಸೂಕ್ಷ್ಮ, ಸರಿಪಡಿಸುವುದೂ ಕಷ್ಟ. ಆದ್ದರಿಂದ ಪ್ರೊಸೆಸರ್ ತೆಗೆದ ಖಾಲಿ ಸಾಕೆಟ್‌ನ ಹತ್ತಿರದ ಫೋಟೊ ಕೇಳಿ. ಕೊಡಲು ಒಲ್ಲೆನೆಂದರೆ ಆ ವ್ಯಾಪಾರ ಬಿಡಿ. ಪ್ರೊಸೆಸರ್‌ನ ಅಡಿಯ ನಡುಭಾಗದಲ್ಲಿರುವ ಸಣ್ಣ ಕೆಪಾಸಿಟರ್‌ಗಳಲ್ಲಿ ಒಂದು ಉದುರಿದ್ದರೂ, ಹಸಿರು ಹಲಗೆಯ ಅಂಚು ಸಿಡಿದಿದ್ದರೂ ಕೊಳ್ಳಬೇಡಿ. ಚುಕ್ಕೆಗಳ ಮೇಲೆ ಪೇಸ್ಟ್ ಮೆತ್ತಿಕೊಂಡಿದ್ದರೆ ಚಿಂತೆಯಿಲ್ಲ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದರೆ ಹೋಗುತ್ತದೆ.

ಪ್ರಶ್ನೆ: ರಾಯಚೂರಿನವನು ನಾನು. ಹಾಳಾದ ಪ್ರೊಸೆಸರ್ ಕಳಿಸಿದವರು ಈಗ ಫೋನ್ ಎತ್ತುತ್ತಿಲ್ಲ. ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದೇ?

ಉತ್ತರ: ಮಾರಿದವರು ಯಾರೆಂಬುದರ ಮೇಲೆ ಅದು ನಿಂತಿದೆ. ಹಳೆಯ ಬಿಡಿಭಾಗಗಳ ವ್ಯಾಪಾರವನ್ನೇ ಮಾಡುವವರಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ, ಮತ್ತು ಮಾರಿದವರು ದೆಹಲಿಯಲ್ಲಿದ್ದರೂ ನೀವು ನಿಮ್ಮದೇ ಜಿಲ್ಲೆಯ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಗಡುವು 2 ವರ್ಷ. ಮೊದಲು 1915 ಸಹಾಯವಾಣಿಗೆ ಕರೆ ಮಾಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟ ತಾಣದ ದೂರು ಅಧಿಕಾರಿಯು 48 ಗಂಟೆಯೊಳಗೆ ಸ್ವೀಕೃತಿ ಕೊಟ್ಟು, ಒಂದು ತಿಂಗಳೊಳಗೆ ಪರಿಹರಿಸಬೇಕು. ಗಂಗಾವತಿಯ ಓದುಗರಿಗೂ ಒಂದು ಮಾತು: ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡವರೂ ಈ ಕಾಯ್ದೆಯಲ್ಲಿ ಗ್ರಾಹಕರೇ.

ಮನೆಯಲ್ಲಿದ್ದ ಹಳೆಯ ವಸ್ತುವನ್ನು ಒಮ್ಮೆ ಮಾರಿದ ಖಾಸಗಿ ವ್ಯಕ್ತಿಯಾದರೆ ಈ ದಾರಿ ಸುಲಭವಲ್ಲ. ಆರಂಭದಿಂದಲೇ ವಂಚಿಸುವ ಉದ್ದೇಶವಿತ್ತೆಂದು ಅನ್ನಿಸಿದರೆ, ಹಣ ಪಾವತಿಯ ಸಂಖ್ಯೆಯೊಂದಿಗೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ. ಜಾಹೀರಾತಿನ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಡಿ, ಅವರು ಅದನ್ನು ಅಳಿಸಿಬಿಟ್ಟಾರು.